ಸಂಖ್ಯೆಯ ಪಕ್ಕದ ಸಂಖ್ಯೆ: ಗಾಮಾ ಕಿರಣಗಳ ಅಳತೆಯ ಕಥೆ



ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನಲ್ಲಿ ಹರಿಯಬ್ಬೆ ಎಂಬ ಊರಿದೆ. ಅಲ್ಲಿನ ಹೊಲವೊಂದರಿಂದ ಒಂದು ಕಿಲೋಗ್ರಾಂ ಮಣ್ಣನ್ನು ತಂದು ಪ್ರಯೋಗಾಲಯದ ಮೇಜಿನ ಮೇಲೆ ಇಟ್ಟಿದ್ದೇವೆ ಎಂದುಕೊಳ್ಳಿ. ನೋಡುವುದಕ್ಕೆ ಅದು ಶೇಂಗಾ ಬೆಳೆಯುವ ಸಾಮಾನ್ಯ ಮಣ್ಣು. ಆದರೆ ಆ ಮಣ್ಣಿನೊಳಗೆ ಪ್ರತಿ ಸೆಕೆಂಡಿಗೂ ನೂರಾರು ಪರಮಾಣುಗಳು ತಮ್ಮಷ್ಟಕ್ಕೆ ತಾವೇ ಒಡೆಯುತ್ತಿರುತ್ತವೆ. ಪೊಟ್ಯಾಸಿಯಂ-40, ಯುರೇನಿಯಂ, ಥೋರಿಯಂ ಇವು ಅದಕ್ಕೆ ಕಾರಣವಾದ ಮೂಲವಸ್ತುಗಳು. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದನ್ನು ಒಂದು ಬೆಕೆರೆಲ್ ಎನ್ನುತ್ತಾರೆ. ಜಗತ್ತಿನ ನಾನಾ ದೇಶಗಳ ಮಣ್ಣನ್ನು ಅಳೆದು ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯು 2000ದಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಂದು ಕಿಲೋಗ್ರಾಂ ಮಣ್ಣಿನಲ್ಲಿ ಪೊಟ್ಯಾಸಿಯಂ-40 ಸುಮಾರು 400 ಬೆಕೆರೆಲ್, ಯುರೇನಿಯಂ-238 ಸುಮಾರು 35, ಥೋರಿಯಂ-232 ಸುಮಾರು 30. ಇವು ನಡುವಣ ಬೆಲೆಗಳು. ಹರಿಯಬ್ಬೆಯ ಮಣ್ಣಿನ ಲೆಕ್ಕ ಇದಕ್ಕಿಂತ ಹೆಚ್ಚೋ ಕಡಿಮೆಯೋ ಎಂಬುದನ್ನು ಅಳೆದೇ ಹೇಳಬೇಕು.

ಈಗ ಒಂದು ಪ್ರಶ್ನೆ. ಒಂದು ಪ್ರಯೋಗಾಲಯವು ‘ಯುರೇನಿಯಂ 38 ಬೆಕೆರೆಲ್’ ಎಂದು ಬರೆದುಕೊಡುತ್ತದೆ. ಇನ್ನೊಂದು ‘38 ± 4 ಬೆಕೆರೆಲ್’ ಎಂದು ಬರೆದುಕೊಡುತ್ತದೆ. ನೀವು ಯಾವುದನ್ನು ನಂಬುವಿರಿ? ಮೊದಲನೆಯದು ಖಚಿತವಾಗಿದೆ, ಎರಡನೆಯದು ಅನುಮಾನಿಸುತ್ತಿದೆ ಎಂದು ಬಹಳ ಮಂದಿಗೆ ತೋರುತ್ತದೆ. ಎರಡನೆಯದೇ ಹೆಚ್ಚು ಪ್ರಾಮಾಣಿಕ ಎಂಬ ತಿಳಿವಳಿಕೆ ವಿಜ್ಞಾನಕ್ಕೆ ಬರಲು ಬಹುಕಾಲ ಬೇಕಾಯಿತು. ಆ ಇತಿಹಾಸ ಇಲ್ಲಿದೆ. ಅದು ದೂರದ ಪ್ಯಾರಿಸ್, ಮ್ಯಾಂಚೆಸ್ಟರ್‌ಗಳಲ್ಲಿ ಆರಂಭವಾಗಿ ನಮ್ಮ ಉಳ್ಳಾಲ, ಕೈಗಾ, ಚಳ್ಳಕೆರೆಗಳವರೆಗೆ ಬಂದಿದೆ.

ಕಲ್ಲಿನೊಳಗೆ ಉಳಿದ ಶಕ್ತಿ

ಚಿತ್ರದುರ್ಗದ ಸೀಮೆ ಭೂವಿಜ್ಞಾನಿಗಳಿಗೆ ಚಿರಪರಿಚಿತ. ಇಲ್ಲಿನ ಪದರಶಿಲೆಗಳ ಪಟ್ಟಿಗೆ ‘ಚಿತ್ರದುರ್ಗ ಶಿಲಾಪಟ್ಟಿ’ ಎಂದೇ ಹೆಸರು. ಅದರ ಆಸುಪಾಸಿನ ನೈಸ್ ಶಿಲೆಗಳಲ್ಲಿ ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯವು ಇವೆ. ಅಷ್ಟು ಹಳೆಯ ಕಲ್ಲಿನಲ್ಲಿ ವಿಕಿರಣ ಇನ್ನೂ ಹೇಗೆ ಉಳಿದಿದೆ? ಉತ್ತರ ಅರ್ಧಾಯುವಿನಲ್ಲಿದೆ. ಇರುವ ಪರಮಾಣುಗಳಲ್ಲಿ ಅರ್ಧದಷ್ಟು ಒಡೆಯಲು ಯುರೇನಿಯಂ-238ಕ್ಕೆ ಸುಮಾರು 447 ಕೋಟಿ ವರ್ಷ ಬೇಕು. ಥೋರಿಯಂ-232ಕ್ಕೆ ಸುಮಾರು 1400 ಕೋಟಿ, ಪೊಟ್ಯಾಸಿಯಂ-40ಕ್ಕೆ ಸುಮಾರು 125 ಕೋಟಿ ವರ್ಷ. ಕಲ್ಲು ಶಿಥಿಲಗೊಂಡು ಮಣ್ಣಾದಾಗ ಈ ಮೂಲವಸ್ತುಗಳೂ ಮಣ್ಣಿಗೆ ಬರುತ್ತವೆ.

ಒಡೆಯುವ ಪರಮಾಣುಗಳಲ್ಲಿ ಹಲವು ಗಾಮಾ ಕಿರಣವನ್ನು ಹೊರಸೂಸುತ್ತವೆ. ಪ್ರತಿಯೊಂದು ಜಾತಿಯ ಪರಮಾಣುವಿನ ಗಾಮಾ ಕಿರಣಕ್ಕೂ ಅದರದೇ ಆದ ಶಕ್ತಿ ಇರುತ್ತದೆ. ಪೊಟ್ಯಾಸಿಯಂ-40ರ ಕಿರಣ 1461 ಕಿಲೋ ಎಲೆಕ್ಟ್ರಾನ್ ವೋಲ್ಟ್. ಸೀಸಿಯಂ-137ರದು 662. ಕೋಬಾಲ್ಟ್-60 ಎರಡು ಕಿರಣಗಳನ್ನು ಬಿಡುತ್ತದೆ, 1173 ಮತ್ತು 1332. ಶಕ್ತಿಯನ್ನು ಅಳೆದರೆ ಯಾವ ಪರಮಾಣು ಎಂದು ಗೊತ್ತಾಗುತ್ತದೆ. ಎಷ್ಟು ಕಿರಣ ಬಂದವು ಎಂದು ಎಣಿಸಿದರೆ ಎಷ್ಟು ಪರಮಾಣುಗಳಿವೆ ಎಂದು ಗೊತ್ತಾಗುತ್ತದೆ. ಈ ವಿದ್ಯೆಗೆ ಗಾಮಾ ರೋಹಿತಮಾಪನ ಎಂದು ಹೆಸರು.

ಮಿನುಗುಗಳನ್ನು ಎಣಿಸಿದವರು

1896ರಲ್ಲಿ ಆನ್ರಿ ಬೆಕೆರೆಲ್ ಯುರೇನಿಯಂ ಲವಣವು ಛಾಯಾಚಿತ್ರದ ಫಲಕವನ್ನು ಕಪ್ಪಾಗಿಸುವುದನ್ನು ಕಂಡರು. 1900ರಲ್ಲಿ ಪ್ಯಾರಿಸ್ಸಿನಲ್ಲಿ ಪಾಲ್ ವಿಲ್ಲಾರ್ಡ್ ರೇಡಿಯಂನಿಂದ ಹೊರಡುವ, ಬಹಳ ದೂರ ತೂರಿಹೋಗುವ ಒಂದು ಕಿರಣವನ್ನು ಗುರುತಿಸಿದರು. ಅದಕ್ಕೆ ‘ಗಾಮಾ’ ಎಂಬ ಹೆಸರನ್ನು 1903ರಲ್ಲಿ ಕೊಟ್ಟವರು ಅರ್ನೆಸ್ಟ್ ರುದರ್‌ಫರ್ಡ್. ಆ ಕಾಲದಲ್ಲಿ ಪ್ರಶ್ನೆ ಇದ್ದದ್ದು ‘ಕಿರಣ ಇದೆಯೇ ಇಲ್ಲವೇ’ ಎಂಬುದಷ್ಟೇ. ‘ಎಷ್ಟು ಇದೆ’ ಎಂಬ ಪ್ರಶ್ನೆ ಬಂದದ್ದು ರೇಡಿಯಂ ವೈದ್ಯರ ಕೈಗೂ ವ್ಯಾಪಾರಿಗಳ ಕೈಗೂ ಹೋದ ಮೇಲೆ. ಅಷ್ಟು ದುಬಾರಿ ವಸ್ತುವನ್ನು ಕೊಂಡವನಿಗೆ ಕೊಟ್ಟವನ ಲೆಕ್ಕ ಸರಿಯಿದೆಯೇ ಎಂದು ತಿಳಿಯಬೇಕಲ್ಲವೇ?

ಇದಕ್ಕಾಗಿ ಮೇರಿ ಕ್ಯೂರಿ 1911ರಲ್ಲಿ ಸುಮಾರು 22 ಮಿಲಿಗ್ರಾಂ ರೇಡಿಯಂ ಕ್ಲೋರೈಡನ್ನು ಗಾಜಿನ ಕೊಳವೆಯಲ್ಲಿಟ್ಟು ಮುಚ್ಚಿ, ಮೊದಲ ಅಂತಾರಾಷ್ಟ್ರೀಯ ಮಾನಕವನ್ನು ಸಿದ್ಧಪಡಿಸಿದರು. ವಿಯೆನ್ನಾದಲ್ಲಿಯೂ ಬೇರೆ ಮಾನಕಗಳು ಸಿದ್ಧವಾಗಿದ್ದವು. 1912ರಲ್ಲಿ ಪ್ಯಾರಿಸ್ಸಿನಲ್ಲಿ ಎರಡನ್ನೂ ಅವುಗಳ ಗಾಮಾ ಕಿರಣಗಳ ಮೂಲಕ ಹೋಲಿಸಿ ನೋಡಲಾಯಿತು. ಅವು ಬಹಳ ಮಟ್ಟಿಗೆ ಹೊಂದಿಕೊಂಡವು. ಇಬ್ಬರು ಬೇರೆ ಬೇರೆಯಾಗಿ ಅಳೆದು ನಂತರ ಒಟ್ಟಿಗೆ ಕುಳಿತು ತಾಳೆ ನೋಡುವ ಪದ್ಧತಿ ಈ ಕ್ಷೇತ್ರದಲ್ಲಿ ಹೀಗೆ ಬೇರೂರಿತು.

ಇದೇ ಸಮಯದಲ್ಲಿ ಇನ್ನೊಂದು ಆಳವಾದ ಸಂಗತಿ ಹೊರಬಿತ್ತು. 1910ರಲ್ಲಿ ರುದರ್‌ಫರ್ಡ್ ಮತ್ತು ಹಾನ್ಸ್ ಗೈಗರ್ ಮ್ಯಾಂಚೆಸ್ಟರಿನಲ್ಲಿ ಪೊಲೋನಿಯಂನಿಂದ ಹೊರಡುವ ಆಲ್ಫಾ ಕಣಗಳು ಸತುವಿನ ಸಲ್ಫೈಡಿನ ತೆರೆಗೆ ಬಡಿದಾಗ ಮೂಡುವ ಮಿನುಗುಗಳನ್ನು ಎಣಿಸಿದರು. ಒಂದೊಂದು ಅವಧಿ ಏಳೂವರೆ ಸೆಕೆಂಡು. ಅಂಥ 2608 ಅವಧಿಗಳು. ಒಟ್ಟು ಹತ್ತು ಸಾವಿರಕ್ಕೂ ಹೆಚ್ಚು ಮಿನುಗುಗಳು. ಅವಧಿಯೊಂದಕ್ಕೆ ಸರಾಸರಿ 3.87. ಆದರೆ ಪ್ರತಿ ಅವಧಿಯಲ್ಲೂ ನಾಲ್ಕೇ ಬರಲಿಲ್ಲ. 57 ಅವಧಿಗಳಲ್ಲಿ ಒಂದೂ ಬರಲಿಲ್ಲ. ಕೆಲವದರಲ್ಲಿ ಹತ್ತಕ್ಕೂ ಮೀರಿ ಬಂದವು. ಎಣಿಸಿದವರು ಎಡವಿದರೇ? ಇಲ್ಲ. ಹ್ಯಾರಿ ಬೇಟ್‌ಮನ್ ಎಂಬ ಗಣಿತಜ್ಞರು ಸಂಭವನೀಯತೆಯ ನಿಯಮದಿಂದ ಲೆಕ್ಕ ಹಾಕಿದರೆ ಖಾಲಿ ಅವಧಿಗಳು ಸುಮಾರು 54 ಇರಬೇಕಿತ್ತು. ಪ್ರಯೋಗವೂ ಗಣಿತವೂ ಕೈಕೈ ಹಿಡಿದು ನಿಂತವು.

ಇದರ ಅರ್ಥವನ್ನು ಗಮನಿಸಿ. ಪರಮಾಣು ಯಾವಾಗ ಒಡೆಯುತ್ತದೆ ಎಂಬುದನ್ನು ಮುಂಚಿತವಾಗಿ ಹೇಳಲಾಗದು. ಆದ್ದರಿಂದ ಯಂತ್ರ ಎಷ್ಟೇ ಒಳ್ಳೆಯದಿರಲಿ, ಎಣಿಸುವವನು ಎಷ್ಟೇ ಜಾಗರೂಕನಾಗಿರಲಿ, ಎಣಿಕೆ ಏರಿಳಿಯುತ್ತದೆ. ಆ ಏರಿಳಿತದ ಅಳತೆ ಎಣಿಕೆಯ ವರ್ಗಮೂಲ. 100 ಎಣಿಸಿದರೆ ಅನಿಶ್ಚಿತತೆ 10, ಅಂದರೆ ಶೇಕಡಾ 10. 10,000 ಎಣಿಸಿದರೆ ಅನಿಶ್ಚಿತತೆ 100, ಅಂದರೆ ಶೇಕಡಾ 1. ಗಾಮಾ ಕಿರಣಗಳಿಗೂ ಇದೇ ನಿಯಮ. ನಿಖರತೆ ಹತ್ತುಪಟ್ಟು ಹೆಚ್ಚಬೇಕಾದರೆ ನೂರು ಪಟ್ಟು ಕಾಯಬೇಕು. ಸಂಖ್ಯೆಯ ಪಕ್ಕದ ± ಚಿಹ್ನೆ ನಮ್ಮ ಅಜ್ಞಾನದ ಗುರುತು ಮಾತ್ರವಾಗಿರದೆ, ಪ್ರಕೃತಿಯ ಸ್ವಭಾವದ ಗುರುತೂ ಆಗಿದೆ.

ಬರಿಯ ಎಣಿಕೆಯಿಂದ ರೋಹಿತಕ್ಕೆ

ಗೈಗರ್ ಹೆಸರಿನ ಎಣಿಕೆಯಂತ್ರವು ಕಿರಣ ಬಂತು ಎಂದು ಹೇಳುತ್ತದೆಯೇ ಹೊರತು ಯಾವ ಶಕ್ತಿಯ ಕಿರಣ ಎಂದು ಹೇಳುವುದಿಲ್ಲ. ಜಾತ್ರೆಗೆ ಎಷ್ಟು ಜನ ಬಂದರೆಂದು ಎಣಿಸಿ, ಯಾವ ಊರಿನವರು ಎಂದು ಕೇಳದೆ ಬಿಟ್ಟಂತೆ. 1948ರಲ್ಲಿ ಅಮೆರಿಕದ ರಾಬರ್ಟ್ ಹಾಫ್‌ಸ್ಟಾಟರ್ ಅಲ್ಪ ಪ್ರಮಾಣದ ಥ್ಯಾಲಿಯಂ ಬೆರೆಸಿದ ಸೋಡಿಯಂ ಅಯೋಡೈಡ್ ಹರಳನ್ನು ಬಳಕೆಗೆ ತಂದರು. ಗಾಮಾ ಕಿರಣ ಹರಳಿಗೆ ಬಿದ್ದರೆ ಬೆಳಕು ಮಿನುಗುತ್ತದೆ. ಕಿರಣದ ಶಕ್ತಿ ಹೆಚ್ಚಿದಷ್ಟೂ ಮಿನುಗು ಹೆಚ್ಚು. ಮಿನುಗುಗಳನ್ನು ಶಕ್ತಿಯ ಕ್ರಮದಲ್ಲಿ ವಿಂಗಡಿಸಿ ರೇಖಾಚಿತ್ರ ಬರೆದರೆ ಒಂದೊಂದು ಪರಮಾಣುವಿನ ಹೆಸರಿನಲ್ಲಿ ಒಂದೊಂದು ಶಿಖರ ಏಳುತ್ತದೆ.

ಆದರೆ ಈ ಶಿಖರಗಳು ಅಗಲವಾಗಿದ್ದವು. 662ರಲ್ಲಿ ಏಳುವ ಶಿಖರದ ಅಗಲ ಸುಮಾರು ಶೇಕಡಾ 7. ಅಕ್ಕಪಕ್ಕದ ಎರಡು ಶಿಖರಗಳು ಕೂಡಿ ಒಂದೇ ದಿಣ್ಣೆಯಾಗಿ ಕಾಣುತ್ತಿದ್ದವು. 1960ರ ದಶಕದಲ್ಲಿ ಜರ್ಮೇನಿಯಂ ಶೋಧಕಗಳು ಬಂದವು. ಅವುಗಳಲ್ಲಿ ಅದೇ ಶಿಖರ ಹಲವು ಹತ್ತು ಪಟ್ಟು ಕಿರಿದಾಗಿ ಸೂಜಿಮೊನೆಯಂತೆ ನಿಲ್ಲುತ್ತದೆ. ಶೋಧಕವನ್ನು ಬಳಸುವಾಗ ತಣ್ಣಗಿಡಬೇಕು. ಅದಕ್ಕೆ ಸಾಮಾನ್ಯವಾಗಿ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕವನ್ನು ಬಳಸುತ್ತಾರೆ.

ಯಂತ್ರ ಸೂಕ್ಷ್ಮವಾದಂತೆಲ್ಲ ಹಿಂದೆ ಕಾಣದಿದ್ದ ತೊಡಕುಗಳು ಕಾಣತೊಡಗಿದವು. ಡಬ್ಬಿಯನ್ನು ಶೋಧಕದಿಂದ ಒಂದೆರಡು ಮಿಲಿಮೀಟರ್ ಆಚೆ ಇಟ್ಟರೂ ಎಣಿಕೆ ಬದಲಾಗುತ್ತದೆ. ಒತ್ತಾಗಿ ತುಂಬಿದ ಮಣ್ಣು ತನ್ನದೇ ಕಿರಣಗಳನ್ನು ಹೆಚ್ಚು ಹೀರಿಕೊಳ್ಳುತ್ತದೆ. ಹೋಲಿಕೆಗೆ ಇಟ್ಟ ಮಾನಕದ ಪ್ರಮಾಣಪತ್ರದಲ್ಲಿಯೇ ಒಂದು ± ಇರುತ್ತದೆ. ರೇಡಿಯಂನಿಂದ ಹುಟ್ಟುವ ರೇಡಾನ್ ಒಂದು ಅನಿಲ. ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಅದು ಹಾರಿಹೋಗಿ ಲೆಕ್ಕ ಕಡಿಮೆಯಾಗುತ್ತದೆ. ಅದಕ್ಕೇ ಮಣ್ಣನ್ನು ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿ ಸುಮಾರು ನಾಲ್ಕು ವಾರ ಇಟ್ಟು ನಂತರ ಅಳೆಯುತ್ತಾರೆ.

ಉಳ್ಳಾಲ ಮತ್ತು ಕೈಗಾ

ಈಗ ನಮ್ಮ ನಾಡಿಗೆ ಬರೋಣ. ಕೇರಳದ ಚವರ, ನೀಂಡಕರ ತೀರಗಳ ಮೊನಜೈಟ್ ಮರಳಿನಲ್ಲಿ ಥೋರಿಯಂ ಹೇರಳವಾಗಿರುವುದು ಬಹುಕಾಲದಿಂದ ಗೊತ್ತಿತ್ತು. 1990ರ ದಶಕದ ಆರಂಭದಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು ಕರಾವಳಿ ಕರ್ನಾಟಕ, ಕೈಗಾ ಮತ್ತು ಗೋವೆಗಳ ಪರಿಸರದಲ್ಲಿನ ವಿಕಿರಣವನ್ನು ಅಳೆಯುವ ಕೆಲಸ ಕೈಗೊಂಡರು. ಉಳ್ಳಾಲದ ಕಡಲತೀರದಲ್ಲಿಯೂ ಹಿನ್ನೆಲೆ ವಿಕಿರಣ ಹೆಚ್ಚಿರುವ ತಾಣವಿದೆ ಎಂಬುದನ್ನು ಅವರು 1993ರಲ್ಲಿ ‘ಹೆಲ್ತ್ ಫಿಸಿಕ್ಸ್’ ಪತ್ರಿಕೆಯ ಮೂಲಕ ಜಗತ್ತಿಗೆ ತಿಳಿಸಿದರು. ಅಲ್ಲಿ ಯಾವ ಕಾರ್ಖಾನೆಯ ಕೈವಾಡವೂ ಇರಲಿಲ್ಲ. ನದಿ, ಕಡಲು, ಮರಳು ಸೇರಿ ಮಾಡಿದ ಕೆಲಸ ಅದು.

ಕೈಗಾದ ಕಥೆ ಬೇರೆ. ಉತ್ತರ ಕನ್ನಡದ ಕಾಳಿ ನದಿಯ ದಡದಲ್ಲಿ ಅಣುವಿದ್ಯುತ್ ಸ್ಥಾವರ ಬರುವುದನ್ನು ಬಹಳ ಜನ ವಿರೋಧಿಸಿದರು. ಡಾ. ಶಿವರಾಮ ಕಾರಂತರು ಆ ಹೋರಾಟದ ಮುಂಚೂಣಿಯಲ್ಲಿದ್ದು, 1989ರಲ್ಲಿ ಲೋಕಸಭೆಯ ಚುನಾವಣೆಗೂ ನಿಂತರು. 1994ರ ಮೇ ತಿಂಗಳಲ್ಲಿ, ನಿರ್ಮಾಣ ಹಂತದಲ್ಲಿದ್ದ ಗುಮ್ಮಟದ ಒಳಭಾಗದ ಕಾಂಕ್ರೀಟು ಕುಸಿದಾಗ ಆತಂಕ ಇನ್ನೂ ಹೆಚ್ಚಿತು. ಸ್ಥಾವರ ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 2000ದಲ್ಲಿ.

ಇಂಥ ವಾದದ ನಡುವೆ, ಸ್ಥಾವರ ಆರಂಭವಾಗುವ ಮುನ್ನವೇ ಅಲ್ಲಿನ ಮಣ್ಣು, ನೀರು, ಗಿಡಗಳನ್ನು ಅಳೆದಿಟ್ಟದ್ದು ಏಕೆ ಮುಖ್ಯ? ಒಂದು ಉದಾಹರಣೆ ನೋಡಿ. ಸೀಸಿಯಂ-137 ಪರಮಾಣು ಸ್ಥಾವರಗಳಲ್ಲಿ ಹುಟ್ಟುತ್ತದೆ. ಆದರೆ 1945ರಿಂದ 1980ರವರೆಗೆ ನಾನಾ ದೇಶಗಳು ವಾತಾವರಣದಲ್ಲಿ ಸಿಡಿಸಿದ ಬಾಂಬುಗಳ ಸೀಸಿಯಂ ಕೂಡ ಮಳೆಯೊಡನೆ ಭೂಮಿಗೆ ಇಳಿದಿದೆ. ಅದರ ಅರ್ಧಾಯು ಸುಮಾರು 30 ವರ್ಷ. ಹಿಂದೆ ಎಷ್ಟಿತ್ತು ಎಂಬ ಲೆಕ್ಕ ಇಲ್ಲದೆ ಇಂದು ಎರಡು ಬೆಕೆರೆಲ್ ಕಂಡರೆ, ಅದು ಸ್ಥಾವರದ್ದು ಎಂದು ಆಪಾದಿಸಲೂ ಆಗದು, ಅಲ್ಲ ಎಂದು ನಿರಾಕರಿಸಲೂ ಆಗದು. ಹಿಂದಿನ ಲೆಕ್ಕ ಇದ್ದು ಅದರ ಪಕ್ಕದಲ್ಲಿ ± ಇಲ್ಲದಿದ್ದರೂ ಅದೇ ಗತಿ.

ಇನ್ನೊಂದು ಎಚ್ಚರಿಕೆಯೂ ಕೈಗಾದಿಂದಲೇ ದೊರೆಯಿತು. 2009ರ ನವೆಂಬರಿನಲ್ಲಿ ಅಲ್ಲಿನ ಕೆಲಸಗಾರರು ಕುಡಿಯುವ ನೀರಿನ ಕೂಲರಿನಲ್ಲಿ ಟ್ರಿಟಿಯಂ ಬೆರೆತಿರುವುದು ಪತ್ತೆಯಾಯಿತು. ಗೊತ್ತಾದದ್ದು ಮೂತ್ರ ಪರೀಕ್ಷೆಯಿಂದ. ಟ್ರಿಟಿಯಂ ಗಾಮಾ ಕಿರಣವನ್ನು ಬಿಡುವುದಿಲ್ಲ. ಅದರ ಬೀಟಾ ಕಣಗಳೂ ಬಹಳ ದುರ್ಬಲ. ಜಗತ್ತಿನ ಅತ್ಯುತ್ತಮ ಜರ್ಮೇನಿಯಂ ಶೋಧಕವನ್ನು ಆ ನೀರಿನ ಪಕ್ಕದಲ್ಲಿ ಇಟ್ಟಿದ್ದರೂ ಅದು ಸುಮ್ಮನಿರುತ್ತಿತ್ತು. ಯಂತ್ರ ಏನನ್ನು ಹೇಳಿತು ಎಂಬುದರ ಜೊತೆಗೆ, ಅದು ಏನನ್ನು ಹೇಳಲಾರದು ಎಂಬುದೂ ಗೊತ್ತಿರಬೇಕು.

‘ಕಂಡುಬಂದಿಲ್ಲ’ ಎಂಬ ಮಾತು

1986ರ ಏಪ್ರಿಲ್ 26ರಂದು ಚೆರ್ನೋಬಿಲ್ ದುರಂತ ನಡೆಯಿತು. ಆ ನಂತರ ಯುರೋಪಿನಿಂದ ಬರುವ ಹಾಲಿನ ಪದಾರ್ಥಗಳ ಬಗ್ಗೆ ಭಾರತದಲ್ಲಿಯೂ ಶಂಕೆ ಎದ್ದಿತು. ಐರ್ಲೆಂಡಿನಿಂದ ಬಂದ ಬೆಣ್ಣೆಯ ವಿಚಾರ ಬೊಂಬಾಯಿಯ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 1988ರಲ್ಲಿ ಸುಪ್ರೀಂ ಕೋರ್ಟು ತಜ್ಞರ ಸಮಿತಿಯ ಅಭಿಪ್ರಾಯ ಪಡೆದು, ಬೆಣ್ಣೆ ಸೇವನೆಗೆ ಯೋಗ್ಯ ಎಂಬ ನಿರ್ಣಯಕ್ಕೆ ಬಂದಿತು. ಗಾಮಾ ಕಿರಣಗಳ ಎಣಿಕೆ ಹೀಗೆ ನ್ಯಾಯಾಲಯದ ಮೆಟ್ಟಿಲು ಹತ್ತಿತ್ತು. ಅಲ್ಲಿ ಕೇಳುವ ಪ್ರಶ್ನೆ ಸರಳ: ಇದೆಯೇ, ಇಲ್ಲವೇ? ಎಣಿಕೆಯ ಉತ್ತರ ಅಷ್ಟು ಸರಳವಾಗಿರುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ಖಾಲಿ ಡಬ್ಬಿಯನ್ನು ಒಂದು ಗಂಟೆ ಇಟ್ಟರೆ ಸೀಸಿಯಂನ ಜಾಗದಲ್ಲಿ 400 ಎಣಿಕೆ ಬಂತು. ಇದು ಸುತ್ತಲಿನ ಗೋಡೆ, ನೆಲ, ಆಕಾಶಗಳಿಂದ ಬರುವ ಹಿನ್ನೆಲೆ. ಮಾದರಿ ಇಟ್ಟಾಗ ಒಂದು ಗಂಟೆಗೆ 420 ಬಂತು. ವ್ಯತ್ಯಾಸ 20. ಅದರ ಅನಿಶ್ಚಿತತೆ 420 ಮತ್ತು 400ರ ಮೊತ್ತದ ವರ್ಗಮೂಲ, ಸುಮಾರು 29. ಅಂದರೆ 20 ± 29. ಇದರಿಂದ ಸೀಸಿಯಂ ಇದೆ ಎನ್ನಲಾಗದು, ಇಲ್ಲ ಎನ್ನಲೂ ಆಗದು. ಈಗ ಎರಡನ್ನೂ 25 ಗಂಟೆ ಎಣಿಸಿ, ಅದೇ ವೇಗದಲ್ಲಿ 10,500 ಮತ್ತು 10,000 ಬಂದವು ಎನ್ನೋಣ. ವ್ಯತ್ಯಾಸ 500, ಅನಿಶ್ಚಿತತೆ ಸುಮಾರು 143. ಈಗ ವ್ಯತ್ಯಾಸವು ಅನಿಶ್ಚಿತತೆಯ ಮೂರು ಪಟ್ಟಿಗೂ ಹೆಚ್ಚು. ಸೀಸಿಯಂ ಇದೆ ಎಂದು ಧೈರ್ಯವಾಗಿ ಹೇಳಬಹುದು. ಮಾದರಿ ಅದೇ, ಯಂತ್ರ ಅದೇ. ಬದಲಾದದ್ದು ನಮ್ಮ ತಾಳ್ಮೆ.

1968ರಲ್ಲಿ ಅಮೆರಿಕದ ಲಾಯ್ಡ್ ಕರಿ ಎಂಬ ವಿಜ್ಞಾನಿ ಇದನ್ನು ಸೂತ್ರಕ್ಕೆ ಇಳಿಸಿದರು. ಯಾವುದೇ ಯಂತ್ರಕ್ಕೂ ಒಂದು ಪತ್ತೆಯ ಮಿತಿ ಇದೆ. ಮೇಲಿನ ಒಂದು ಗಂಟೆಯ ಉದಾಹರಣೆಯಲ್ಲಿ ಆ ಮಿತಿ ಸುಮಾರು 96 ಎಣಿಕೆ. ಅದಕ್ಕಿಂತ ಕಡಿಮೆ ಇದ್ದರೆ ಅದು ನಮ್ಮ ಕಣ್ಣು ತಪ್ಪಿಸುವ ಸಾಧ್ಯತೆ ಇದೆ. ಆದ್ದರಿಂದ ವರದಿಯಲ್ಲಿ ‘ಕಂಡುಬಂದಿಲ್ಲ’ ಎಂದಿದ್ದರೆ, ‘ಎಷ್ಟರವರೆಗೆ ಕಾಣಬಲ್ಲ ಯಂತ್ರದಿಂದ?’ ಎಂದು ನೀವು ಕೇಳಲೇಬೇಕು. ಆ ಅಂಕಿ ಇಲ್ಲದಿದ್ದರೆ ‘ಕಂಡುಬಂದಿಲ್ಲ’ ಎಂಬ ಮಾತಿಗೆ ತೂಕವಿಲ್ಲ.

ಕಾವಲಿನ ಮಣ್ಣು, 186ರ ಶಿಖರ

ಹಿರಿಯೂರಿನ ನೆರೆಯ ತಾಲ್ಲೂಕು ಚಳ್ಳಕೆರೆ. ಅಲ್ಲಿನ ಅಮೃತಮಹಲ್ ಕಾವಲುಗಳು ಮೈಸೂರು ಅರಸರ ಕಾಲದಿಂದ ದನಕರುಗಳಿಗೆ ಮೀಸಲಾದ ಹುಲ್ಲುಗಾವಲುಗಳು. ಕುರಿ ಸಾಕಿ ಕಂಬಳಿ ನೇಯುವವರ ಬದುಕೂ ಅವನ್ನೇ ನೆಚ್ಚಿತ್ತು. ಈ ಶತಮಾನದ ಮೊದಲ ದಶಕದ ಕೊನೆಯಿಂದ ಆ ಕಾವಲುಗಳ ಸಾವಿರಾರು ಎಕರೆಯನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ನೀಡಲಾಯಿತು. ಉಳ್ಳಾರ್ತಿ ಕಾವಲಿನ ಭೂಮಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ಯುರೇನಿಯಂ ಸಂವರ್ಧನೆಯ ಯೋಜನೆಗಾಗಿ ದೊರೆಯಿತು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. 2013ರಲ್ಲಿ ಮಂಡಳಿಯ ಸತ್ಯಶೋಧನಾ ಸಮಿತಿ ಸ್ಥಳಕ್ಕೆ ಬಂದಿತ್ತು. 2014ರಲ್ಲಿ ತೀರ್ಪು ಬಂದಿತು. ಮೇವು, ಭೂಮಿ, ಜೀವನೋಪಾಯದ ಪ್ರಶ್ನೆಗಳನ್ನು ಯಾವ ಶೋಧಕವೂ ಬಗೆಹರಿಸಲಾರದು. ಆದರೆ ‘ನಮ್ಮ ಮಣ್ಣಿಗೆ ಏನಾದರೂ ಸೇರಿದೆಯೇ?’ ಎಂದು ಮುಂದೆ ಯಾರಾದರೂ ಕೇಳಿದರೆ ಉತ್ತರ ಹುಡುಕಬೇಕಾದದ್ದು ಗಾಮಾ ರೋಹಿತದಂಥ ಅಳತೆಗಳಲ್ಲಿಯೇ.

ಪ್ರಕೃತಿಯ ಯುರೇನಿಯಂನಲ್ಲಿ ಯುರೇನಿಯಂ-235ರ ಪಾಲು ಶೇಕಡಾ 0.72. ಈ ಪಾಲನ್ನು ಹೆಚ್ಚಿಸುವುದೇ ಸಂವರ್ಧನೆ. ಯುರೇನಿಯಂ-235ನ್ನು ಗುರುತಿಸುವ ಮುಖ್ಯ ಗಾಮಾ ಕಿರಣದ ಶಕ್ತಿ 185.7. ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತನಿಖಾಧಿಕಾರಿಗಳು ಯುರೇನಿಯಂ ಎಷ್ಟು ಸಂವರ್ಧಿತವಾಗಿದೆ ಎಂದು ಅಳೆಯುವುದೂ ಇದೇ ಕಿರಣದಿಂದ.

ತೊಡಕು ಇಲ್ಲಿದೆ. ಎಲ್ಲ ಮಣ್ಣಿನಲ್ಲೂ ಸಹಜವಾಗಿರುವ ರೇಡಿಯಂ-226 ಕೂಡ 186.2ರಲ್ಲಿ ಒಂದು ಕಿರಣವನ್ನು ಬಿಡುತ್ತದೆ. ಎರಡರ ಅಂತರ ಕೇವಲ ಅರ್ಧ ಕಿಲೋ ಎಲೆಕ್ಟ್ರಾನ್ ವೋಲ್ಟ್. ಮಣ್ಣಿನ ಅಳತೆಗೆ ಬಳಸುವ ಜರ್ಮೇನಿಯಂ ಶೋಧಕಕ್ಕೂ ಇವೆರಡು ಒಂದೇ ಶಿಖರವಾಗಿ ಕಾಣುತ್ತವೆ. ಕದಡದ ಸಹಜ ಮಣ್ಣಿನಲ್ಲಿ ಈ ಶಿಖರದ ಪ್ರತಿ 100 ಎಣಿಕೆಯಲ್ಲಿ ಸುಮಾರು 58 ರೇಡಿಯಂನವು, ಸುಮಾರು 42 ಮಾತ್ರ ಯುರೇನಿಯಂ-235ರವು. ಅವಸರದವನೊಬ್ಬ ಇಡೀ ಶಿಖರವನ್ನು ಯುರೇನಿಯಂನ ಲೆಕ್ಕಕ್ಕೆ ಬರೆದರೆ, ಇಲ್ಲದ ಸಂವರ್ಧಿತ ಯುರೇನಿಯಂ ಎರಡು ಪಟ್ಟಿಗೂ ಮೀರಿ ‘ಕಂಡುಬಂದು’ ಊರೆಲ್ಲ ಗಾಬರಿಯಾಗುತ್ತದೆ. ಇಡೀ ಶಿಖರವನ್ನು ರೇಡಿಯಂನದೆಂದು ತಳ್ಳಿಹಾಕಿದರೆ, ನಿಜವಾಗಿ ಸೋರಿದ್ದೂ ಮುಚ್ಚಿಹೋಗುತ್ತದೆ. ಸರಿಯಾದ ದಾರಿ ನಿಧಾನದ್ದು. ಮಣ್ಣನ್ನು ನಾಲ್ಕು ವಾರ ಮುಚ್ಚಿಟ್ಟು, ರೇಡಿಯಂನ ಸಂತತಿಯಾದ ಸೀಸ-214ರ 352ರ ಶಿಖರವನ್ನೂ ಬಿಸ್ಮತ್-214ರ 609ರ ಶಿಖರವನ್ನೂ ಅಳೆದು, ಅವುಗಳಿಂದ ರೇಡಿಯಂ ಎಷ್ಟೆಂದು ತಿಳಿದು, ಅದರ ಪಾಲನ್ನು 186ರಿಂದ ಕಳೆಯಬೇಕು. ಕಳೆಯುವಾಗ ಎರಡೂ ಅಳತೆಗಳ ಅನಿಶ್ಚಿತತೆ ಉತ್ತರಕ್ಕೆ ಬಂದು ಸೇರುತ್ತದೆ. ಅದನ್ನು ಬರೆಯದ ವರದಿ ಅಪೂರ್ಣ.

ದೋಷದಿಂದ ಅನಿಶ್ಚಿತತೆಗೆ

ಬಹುಕಾಲ ಈ ± ಅನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತಿದ್ದರು. ಕೆಲವರು ‘ದೋಷ’ ಎನ್ನುತ್ತಿದ್ದರು. ಕೆಲವರು ಎಣಿಕೆಯ ಏರಿಳಿತವನ್ನಷ್ಟೇ ಬರೆದು ಉಳಿದದ್ದನ್ನು ಬಿಡುತ್ತಿದ್ದರು. 1993ರಲ್ಲಿ ಏಳು ಅಂತಾರಾಷ್ಟ್ರೀಯ ಸಂಸ್ಥೆಗಳು ಸೇರಿ ಅಳತೆಯ ಅನಿಶ್ಚಿತತೆಯನ್ನು ಬರೆಯುವ ಒಂದು ಸಾಮಾನ್ಯ ಮಾರ್ಗದರ್ಶಿಯನ್ನು ಹೊರತಂದವು. ಅದರ ತಿರುಳು ಇಷ್ಟು. ಅನುಮಾನದ ಮೂಲಗಳನ್ನೆಲ್ಲ ಪಟ್ಟಿ ಮಾಡಿ. ಒಂದೊಂದಕ್ಕೂ ಬೆಲೆ ಕಟ್ಟಿ. ಒಂದಕ್ಕೊಂದು ಸಂಬಂಧವಿಲ್ಲದ ಮೂಲಗಳಾದರೆ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಿರಿ. ಎಣಿಕೆಯಿಂದ ಶೇಕಡಾ 4, ಶೋಧಕದ ದಕ್ಷತೆಯಿಂದ ಶೇಕಡಾ 3 ಬಂದರೆ ಒಟ್ಟು ಶೇಕಡಾ 7 ಆಗದೆ ಶೇಕಡಾ 5 ಆಗುತ್ತದೆ. ಲಂಬಕೋನ ತ್ರಿಭುಜದ ಪಾಠ ನೆನಪಾಯಿತೇ? ಅದನ್ನು ಎರಡರಿಂದ ಗುಣಿಸಿ ಬರೆದರೆ, ನಿಜವಾದ ಬೆಲೆ ಆ ವ್ಯಾಪ್ತಿಯೊಳಗೆ ಇದೆ ಎಂದು ನೂರಕ್ಕೆ ಸುಮಾರು 95ರಷ್ಟು ಭರವಸೆಯಿಂದ ಹೇಳಬಹುದು.

ದೂರದರ್ಶನದ ಪರದೆಯ ಮೇಲೆ ಒಂದು ಅಂಕಿಯನ್ನು ತೋರಿಸಲು ನಮಗೆ ಕೆಲವೇ ಸೆಕೆಂಡು ಸಿಗುತ್ತದೆ. ಅವಸರದಲ್ಲಿ ಮೊದಲು ಬಿದ್ದುಹೋಗುವುದು ಈ ± ಭಾಗವೇ. ಪತ್ರಿಕೆಯ ತಲೆಬರಹದಲ್ಲೂ ಅದಕ್ಕೆ ಜಾಗವಿರುವುದಿಲ್ಲ. ಆದ್ದರಿಂದ ಅದನ್ನು ಕೇಳಿ ಪಡೆಯುವ ಹೊಣೆ ನೋಡುವವರ, ಓದುವವರ ಮೇಲೆ ಬೀಳುತ್ತದೆ. ಮುಂದೆ ನಿಮ್ಮ ಊರಿನ ಕೊಳವೆಬಾವಿಯ ನೀರಿನ ವರದಿಯೋ ಮಣ್ಣಿನ ವರದಿಯೋ ನಿಮ್ಮ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿ. ಈ ಅಂಕಿಯ ± ಎಷ್ಟು? ಪತ್ತೆಯ ಮಿತಿ ಎಷ್ಟು? ಮೊದಲು ಇಲ್ಲಿ ಎಷ್ಟಿತ್ತು? ಸಂಸ್ಥೆ ಯಾವುದೇ ಆಗಿರಲಿ, ಹೋರಾಟಗಾರರು ಯಾರೇ ಆಗಿರಲಿ, ಪ್ರಶ್ನೆಗಳು ಇವೇ.

ನೀವೇ ಮಾಡಿ ನೋಡಿ

ಒಂದು ದೊಡ್ಡ ರಟ್ಟಿನ ಮೇಲೆ ಹತ್ತು ಸಾಲು, ಹತ್ತು ಕಂಬ, ಒಟ್ಟು 100 ಚೌಕಗಳನ್ನು ಬರೆಯಿರಿ. ಕಾಳು ಉರುಳಿಹೋಗದಂತೆ ಮೇಲೆ ತೆಳ್ಳಗೆ ಅಂಟು ಸವರಿ. 400 ರಾಗಿ ಕಾಳುಗಳನ್ನು ಎಣಿಸಿಕೊಂಡು ಎತ್ತರದಿಂದ ಎಲ್ಲ ಕಡೆಗೂ ಸಮನಾಗಿ ಉದುರಿಸಿ. ಚೌಕಕ್ಕೆ ಸರಾಸರಿ ನಾಲ್ಕು ಕಾಳು. ಈಗ ಒಂದೊಂದು ಚೌಕವನ್ನೂ ಎಣಿಸಿ. ಕೆಲವದರಲ್ಲಿ ಒಂದೇ ಕಾಳು, ಕೆಲವದರಲ್ಲಿ ಎಂಟು. ಒಂದೆರಡು ಚೌಕ ಪೂರ್ತಿ ಖಾಲಿ ಇದ್ದರೂ ಆಶ್ಚರ್ಯಪಡಬೇಡಿ. ನಿಮ್ಮ ಕೈಯಲ್ಲಿ ತಪ್ಪಿಲ್ಲ, ರಾಗಿಯಲ್ಲೂ ತಪ್ಪಿಲ್ಲ. 1910ರಲ್ಲಿ ಮ್ಯಾಂಚೆಸ್ಟರಿನ ಕತ್ತಲೆ ಕೋಣೆಯಲ್ಲಿ ಮಿನುಗು ಎಣಿಸಿದವರು ಕಂಡ ನಿಯಮವೇ ನಿಮ್ಮ ರಟ್ಟಿನ ಮೇಲೂ ಹರಡಿಕೊಂಡಿರುತ್ತದೆ. ಎಷ್ಟು ಚೌಕಗಳಲ್ಲಿ ಎಷ್ಟು ಕಾಳು ಎಂಬ ಪಟ್ಟಿ ಮಾಡಿ, ರೇಖಾಚಿತ್ರ ಬರೆದು, ನಿಮ್ಮ ಗಣಿತದ ಮೇಷ್ಟರಿಗೆ ತೋರಿಸಿ.